ಹಿಂದಿನವರು ಬಿಟ್ಟುಹೋದ ಯಂತ್ರ

ರೂಟರ್ ಎಂದೊಡನೆ ನಗರವಾಸಿಗಳಿಗೆ ಮನೆಯ ಮೂಲೆಯಲ್ಲಿ ಮಿನುಗುವ ಇಂಟರ್‌ನೆಟ್ ಪೆಟ್ಟಿಗೆ ನೆನಪಾಗುವುದು ಸಹಜ. ಮರಗೆಲಸದವರ ಲೋಕದಲ್ಲಿ ಆ ಹೆಸರಿಗೆ ಬೇರೆಯೇ ಅರ್ಥವಿದೆ. ನಿಮಿಷಕ್ಕೆ 18 ಸಾವಿರದಿಂದ 24 ಸಾವಿರ ಸುತ್ತು ತಿರುಗುವ ಪುಟ್ಟ ಬಿಟ್ ಒಂದರಿಂದ ಮರ, ಪ್ಲೈವುಡ್, ಎಂಡಿಎಫ್ ಹಲಗೆಗಳನ್ನು ಕೊರೆಯುವ ಯಂತ್ರವದು. ಅದನ್ನು ಕೈಯ ಬದಲು ಕಂಪ್ಯೂಟರ್ ನಡೆಸಿದರೆ ಸಿಎನ್‌ಸಿ ರೂಟರ್. ದೇವರಕೋಣೆಯ ಜಾಲರಿ ಬಾಗಿಲು, ಮಾಡ್ಯುಲರ್ ಅಡುಗೆಮನೆಯ ಕಪಾಟು, ಅಂಗಡಿಯ ನಾಮಫಲಕದ ಉಬ್ಬಕ್ಷರ ಇವೆಲ್ಲ ಇಂದು ಇದರ ಕೈಚಳಕದಿಂದಲೇ ಮೂಡಿಬರುತ್ತಿವೆ.

ಯಂತ್ರ ದುಬಾರಿ, ಜಾಗವನ್ನೂ ಧಾರಾಳವಾಗಿ ಬೇಡುತ್ತದೆ. 8 ಅಡಿ ಉದ್ದ, 4 ಅಡಿ ಅಗಲದ ಪೂರ್ಣ ಹಲಗೆಯನ್ನು ಹೊರಬಲ್ಲ ಮೇಜು ಬೆಂಗಳೂರಿನ ಫ್ಲ್ಯಾಟೊಂದರ ಮಲಗುವ ಕೋಣೆಯನ್ನೇ ನುಂಗಿಬಿಡುತ್ತದೆ. ಆದ್ದರಿಂದ ಇದನ್ನು ಹಂಚಿಕೊಂಡು ಬಳಸುವ ಪದ್ಧತಿ ಬೆಳೆದಿದೆ. ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯ, ನವೋದ್ಯಮಗಳ ಪೋಷಣಾ ಕೇಂದ್ರ, ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ದೊರೆಯುವ ಕಾರ್ಯಾಗಾರ, ಹೀಗೆ ಅದರ ರೂಪಗಳು ಹಲವು. ಅಮೆರಿಕದ ಎಂಐಟಿಯಲ್ಲಿ ರೂಪುಗೊಂಡ ‘ಫ್ಯಾಬ್ ಲ್ಯಾಬ್’ ಕಲ್ಪನೆ ಅದರ ಆವರಣದಿಂದ ಹೊರಗೆ ಮೊದಲು ನೆಲೆಯೂರಿದ್ದು 2002ರಲ್ಲಿ, ಪುಣೆ ಜಿಲ್ಲೆಯ ಪಾಬಳ ಗ್ರಾಮದ ವಿಜ್ಞಾನ ಆಶ್ರಮದಲ್ಲಿ ಎಂಬುದು ನಮಗೆ ಹೆಮ್ಮೆಯ ಸಂಗತಿಯೇ. ಬಂಡವಾಳವಿಲ್ಲದ ಪ್ರತಿಭಾವಂತನ ಕೈಗೂ ಒಳ್ಳೆಯ ಉಪಕರಣ ಸಿಗಬೇಕೆಂಬ ಆಶಯದಲ್ಲಿ ತಪ್ಪು ಹುಡುಕಲಾಗದು. ಆದರೆ ಹಂಚಿಕೊಂಡ ಯಂತ್ರಕ್ಕೆ ಒಂದು ವಿಶೇಷ ಅಪಾಯವಿದೆ. ನಮ್ಮ ಸುರಕ್ಷತಾ ಫಲಕಗಳು ಅದನ್ನು ಹೇಳುವುದಿಲ್ಲ.

ಯಂತ್ರಗಳು ಅಂಕಿಗಳ ಆಜ್ಞೆಗೆ ಒಳಗಾದ ಕಥೆ ಹಳೆಯದು. ಜಾನ್ ಪಾರ್ಸನ್ಸ್ ಅವರ ಆಲೋಚನೆಯನ್ನು ಮುಂದುವರಿಸಿ ಎಂಐಟಿ 1952ರಲ್ಲಿ ರಂಧ್ರಪಟ್ಟಿಯಿಂದ ನಡೆಯುವ ಮಿಲ್ಲಿಂಗ್ ಯಂತ್ರವನ್ನು ಪ್ರದರ್ಶಿಸಿತು. ಮರುವರ್ಷವೇ ಬೆಂಗಳೂರಿನಲ್ಲಿ ಎಚ್‌ಎಂಟಿ ಹುಟ್ಟಿತು. ಈ ಊರಿಗೆ ಯಂತ್ರೋಪಕರಣಗಳ ಸಂಸ್ಕೃತಿ ಹೊಸದೇನಲ್ಲ. ಆದರೆ ಕಾರ್ಖಾನೆಯಲ್ಲಿ ಪಾಳಿಗೊಬ್ಬ ಚಾಲಕನಿರುತ್ತಾನೆ. ವರ್ಷಗಟ್ಟಲೆ ಅದೇ ಯಂತ್ರದ ಎದುರು ನಿಂತವನಿಗೆ ಅದರ ಸದ್ದಿನಲ್ಲಾಗುವ ಸಣ್ಣ ವ್ಯತ್ಯಾಸವೂ ತಿಳಿಯುತ್ತದೆ. ಪಾಳಿ ಬದಲಾಗುವಾಗ ಇಬ್ಬರೂ ಎರಡು ಮಾತು ಆಡಿಕೊಳ್ಳುತ್ತಾರೆ. ಹಂಚಿಕೆಯ ಕಾರ್ಯಾಗಾರದಲ್ಲಿ ಈ ಎರಡು ಮಾತಿಗೇ ಅವಕಾಶವಿಲ್ಲ. ಮಂಗಳವಾರ ರಾತ್ರಿ ಯಂತ್ರ ನಡೆಸಿದ ವಿದ್ಯಾರ್ಥಿಯನ್ನು ಬುಧವಾರ ಬೆಳಿಗ್ಗೆ ಗುಂಡಿ ಒತ್ತುವವರು ಕಂಡೇ ಇರುವುದಿಲ್ಲ.

ಇಲ್ಲಿಯೇ ಇರುವುದು ತೊಡಕು. ಮೇಜಿನ ಮೇಲೆ ಬಿಟ್ಟುಹೋದ ಸುತ್ತಿಗೆ ಕಣ್ಣಿಗೆ ಬೀಳುತ್ತದೆ. ಯಂತ್ರದ ನೆನಪಿನಲ್ಲಿ ಬಿಟ್ಟುಹೋದದ್ದು ಕಾಣುವುದಿಲ್ಲ. ಕೊರೆಯುವ ಕೆಲಸಕ್ಕೆ ಮೊದಲು ಪ್ರತಿಯೊಬ್ಬರೂ ತಮ್ಮ ಹಲಗೆಯ ಒಂದು ಮೂಲೆಯನ್ನು, ಅದರ ಮೇಲ್ಮೈಯನ್ನು ‘ಸೊನ್ನೆ’ ಎಂದು ಯಂತ್ರಕ್ಕೆ ಹೇಳಿಕೊಡಬೇಕು. ಈ ಸೊನ್ನೆ ಅನೇಕ ನಿಯಂತ್ರಕಗಳಲ್ಲಿ ವಿದ್ಯುತ್ ಆರಿಸಿದರೂ ಅಳಿಯುವುದಿಲ್ಲ. ಹಿಂದಿನವರ ಹಲಗೆ 6 ಮಿ.ಮೀ. ದಪ್ಪ, ನಿಮ್ಮದು 18 ಮಿ.ಮೀ. ಎಂದಿಟ್ಟುಕೊಳ್ಳಿ. ಸೊನ್ನೆಯನ್ನು ಹೊಸದಾಗಿ ಹಿಡಿಯದೆ ಪ್ರೋಗ್ರಾಂ ಓಡಿಸಿದರೆ, ಬಿಟ್ ಹಲಗೆಯ ಮೇಲ್ಮೈ ಇನ್ನೂ 12 ಮಿ.ಮೀ. ಕೆಳಗಿದೆ ಎಂದು ನಂಬಿ ಪೂರ್ಣ ವೇಗದಲ್ಲಿ ಮರಕ್ಕೆ ನುಗ್ಗುತ್ತದೆ. ಅಳತೆಯ ಮಾನದ ಕಥೆಯೂ ಇಷ್ಟೇ. ಹಿಂದಿನವರು ನಿಯಂತ್ರಕವನ್ನು ಅಂಗುಲಕ್ಕೆ ಹೊಂದಿಸಿಟ್ಟಿದ್ದು, ನಿಮ್ಮ ಕಡತದಲ್ಲಿ ಮಾನದ ಉಲ್ಲೇಖವಿಲ್ಲದಿದ್ದರೆ, 5 ಮಿ.ಮೀ. ಆಳಕ್ಕೆ ಇಳಿ ಎಂದದ್ದನ್ನು ಅದು 5 ಅಂಗುಲ, ಅಂದರೆ 127 ಮಿ.ಮೀ. ಎಂದು ಓದುತ್ತದೆ. ಯಂತ್ರ ತಪ್ಪು ಮಾಡಿತೆನ್ನುವಂತಿಲ್ಲ, ಅದು ಹೇಳಿದ್ದನ್ನಷ್ಟೇ ಮಾಡಿದೆ.

ಹಾಗಾದರೆ ಸರಿಯಾದ ಆರಂಭ ಯಾವುದು? ವಿದ್ಯುತ್ ಕೊಡುವ ಮೊದಲೇ ಯಂತ್ರದ ಸುತ್ತ ಒಂದು ಪ್ರದಕ್ಷಿಣೆ ಹಾಕಬೇಕು. ಹಳಿಗಳ ಮೇಲೆ ಮರದ ಚೂರು, ಮೇಜಿನ ಮೇಲೆ ಹಳೆಯ ಕ್ಲ್ಯಾಂಪು, ಸ್ಪಿಂಡಲ್‌ನ ನಟ್ಟಿನಲ್ಲಿ ಮರೆತುಬಿಟ್ಟ ಸ್ಪ್ಯಾನರ್ ಇವೆಯೇ ಎಂದು ನೋಡಬೇಕು. ಸ್ಪ್ಯಾನರ್ ಸಿಕ್ಕಿಸಿಟ್ಟು ಸ್ಪಿಂಡಲ್ ತಿರುಗಿಸಿದರೆ ಏನಾದೀತೆಂದು ವಿವರಿಸುವ ಅಗತ್ಯವಿಲ್ಲ. ಹಿಂದಿನವರು ಹಾಕಿಟ್ಟ ಬಿಟ್ಟನ್ನು ಕಳಚಿ, ಅದನ್ನು ಹಿಡಿಯುವ ಕಾಲೆಟ್ಟನ್ನು ಒರೆಸಿ, ಹರಿತವಾಗಿರುವುದನ್ನು ಹೊಸದಾಗಿ ಬಿಗಿಯುವುದು ಉಚಿತ. ಹಳದಿ ಹಿನ್ನೆಲೆಯ ಮೇಲಿನ ಕೆಂಪು ಅಣಬೆಯಾಕಾರದ ತುರ್ತು ಗುಂಡಿ ನಿಜವಾಗಿಯೂ ಕೆಲಸ ಮಾಡುತ್ತದೆಯೇ ಎಂಬುದನ್ನು ವಿದ್ಯುತ್ ಕೊಟ್ಟ ಕೂಡಲೇ, ಏನೂ ಚಲಿಸುವ ಮೊದಲು, ಒತ್ತಿಯೇ ಪರೀಕ್ಷಿಸಬೇಕು. ಅದನ್ನು ತಿರುಗಿಸಿ ಬಿಡಿಸಿದಾಗ ಯಂತ್ರ ತಾನಾಗಿ ಚಲಿಸತೊಡಗಿದರೆ ಆ ದಿನ ಕೆಲಸ ಬೇಡ, ರಿಪೇರಿ ಮೊದಲು.

ಆಮೇಲೆ ‘ಹೋಮಿಂಗ್’. ಚಾಲೂ ಆದ ಕ್ಷಣದಲ್ಲಿ ಸಾಮಾನ್ಯ ರೂಟರ್‌ಗೆ ತಾನೆಲ್ಲಿದ್ದೇನೆ ಎಂಬ ಅರಿವಿರುವುದಿಲ್ಲ. ಮೂರೂ ಅಕ್ಷಗಳಲ್ಲಿ ಮೂಲೆಯವರೆಗೆ ಸರಿದು, ಅಲ್ಲಿನ ಸ್ವಿಚ್ಚನ್ನು ಮುಟ್ಟಿ, ಅದು ತನ್ನ ಸ್ಥಾನವನ್ನು ಕಂಡುಕೊಳ್ಳುತ್ತದೆ. ಹೊಸಬರು ಬೆಚ್ಚುವುದು ಇಲ್ಲಿಯೇ. ಯಾವ ಕೆಲಸವನ್ನೂ ಹೇಳದೆ ಇದ್ದರೂ ಭಾರವಾದ ತೊಲೆಯೊಂದು ದಿಢೀರನೆ ಸರಿಯುತ್ತದೆ. ಅದರ ದಾರಿಯಲ್ಲಿ ಕೈ ಇರಬಾರದು. ನಂತರ ಬಹುದಿನ ಸುಮ್ಮನಿದ್ದ ಸ್ಪಿಂಡಲ್ಲನ್ನು ಕಡಿಮೆ ವೇಗದಿಂದ ಹಂತಹಂತವಾಗಿ ಕೆಲವು ನಿಮಿಷ ಬೆಚ್ಚಗಾಗಿಸಬೇಕು. ನೀರಿನಿಂದ ತಂಪಾಗುವಂಥದ್ದಾದರೆ ಪಂಪು ಓಡುತ್ತಿದೆಯೇ ಎಂದು ನೋಡಿಕೊಳ್ಳಬೇಕು. ಅದಾದ ಮೇಲೆ ಸೊನ್ನೆ. ಅದರ ಮೇಲೆ ಗಾಳಿಯಲ್ಲೊಂದು ತಾಲೀಮು. ಬಿಟ್ಟನ್ನು ಹಲಗೆಯಿಂದ, ಕ್ಲ್ಯಾಂಪುಗಳಿಂದ ಸಾಕಷ್ಟು ಎತ್ತರದಲ್ಲಿಟ್ಟು ಇಡೀ ಪ್ರೋಗ್ರಾಮನ್ನು ಒಮ್ಮೆ ಓಡಿಸಿದರೆ, ಅದು ಯಾವ ಕ್ಲ್ಯಾಂಪಿನ ಮೇಲೆ ಹಾಯಲಿದೆ, ಮೇಜಿನಾಚೆ ಹೋಗಲಿದೆಯೇ ಎಂಬುದೆಲ್ಲ ಹಲಗೆ ಹಾಳಾಗದೆಯೇ ಗೊತ್ತಾಗುತ್ತದೆ. ಹತ್ತು ನಿಮಿಷದ ಈ ತಾಲೀಮನ್ನು ಬಾಡಿಗೆಯ ಗಡಿಯಾರ ನೋಡಿ ಬಿಟ್ಟುಬಿಡುವವರೇ ಹೆಚ್ಚು. ತಾಲೀಮಿನ ಅವಧಿಗೆ ಬಾಡಿಗೆ ಹಿಡಿಯಬಾರದೆಂಬ ನಿಯಮವನ್ನು ಕಾರ್ಯಾಗಾರಗಳು ಮಾಡಿಕೊಂಡರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿದೀತು.

18 ಸಾವಿರ ಸುತ್ತು ಎಂದರೆ ಸೆಕೆಂಡಿಗೆ 300. ಕಣ್ಣು ಕಂಡದ್ದಕ್ಕೆ ಕೈ ಸ್ಪಂದಿಸಲು ಸುಮಾರು ಕಾಲು ಸೆಕೆಂಡ್ ಬೇಕು; ಅಷ್ಟರಲ್ಲಿ ಬಿಟ್ 75 ಬಾರಿ ಸುತ್ತಿರುತ್ತದೆ. ‘ನೋಡಿಕೊಂಡು ನಿಲ್ಲಿಸುತ್ತೇನೆ’ ಎಂಬ ಭರವಸೆಗೆ ಇಲ್ಲಿ ಬೆಲೆಯಿಲ್ಲ. ಚಲನೆಯನ್ನು ತಡೆಯುವ ‘ಫೀಡ್ ಹೋಲ್ಡ್’ ಗುಂಡಿ ಒತ್ತಿದರೂ ಸಾಮಾನ್ಯವಾಗಿ ಸ್ಪಿಂಡಲ್ ತಿರುಗುತ್ತಲೇ ಇರುತ್ತದೆ. ತುರ್ತು ಗುಂಡಿ ಒತ್ತಿದ ಮೇಲೂ ಅದು ನಿಲ್ಲಲು ಕೆಲವು ಕ್ಷಣ ಹಿಡಿಯಬಹುದು. ಸೀರೆಯ ಸೆರಗು, ದುಪಟ್ಟಾ, ಬಿಟ್ಟ ಕೂದಲು, ಬಳೆ, ಉಂಗುರ ಇವು ಕೂಡದೆಂದು ಎಲ್ಲರೂ ಹೇಳುತ್ತಾರೆ. ದೇವಸ್ಥಾನದಲ್ಲಿ ಮಣಿಕಟ್ಟಿಗೆ ಕಟ್ಟಿಸಿಕೊಂಡ ಕೆಂಪು ದಾರವೂ ಅದೇ ಪಟ್ಟಿಗೆ ಸೇರಬೇಕೆಂದು ಹೇಳಲು ಸಂಕೋಚಪಡುತ್ತಾರೆ. ರಕ್ಷಣೆಗೆಂದು ತೊಡುವ ಕೈಗವಸು ಕೂಡ ತಿರುಗುವ ಬಿಟ್ಟಿನ ಬಳಿ ಅಪಾಯವೇ. ಸಿಕ್ಕಿಕೊಂಡರೆ ಬೆರಳನ್ನೂ ಎಳೆದೊಯ್ಯುತ್ತದೆ. ಆಯುಧಪೂಜೆಯ ಮರುದಿನದ ಬಗ್ಗೆ ಇಲ್ಲಿಯೇ ಒಂದು ಮಾತು. ಯಂತ್ರವನ್ನು ಪೂಜಿಸುವ ನಮ್ಮ ಪದ್ಧತಿ ಸುಂದರವಾದುದು. ಆದರೆ ಸ್ಪಿಂಡಲ್‌ಗೆ ಸುತ್ತಿದ ಚೆಂಡುಹೂವಿನ ಹಾರ, ಎಣ್ಣೆಯ ಹಳಿಗಳ ಮೇಲಿನ ಕುಂಕುಮ ಇವನ್ನು ತೆಗೆದು ಒರೆಸುವ ಹೊಣೆ ಯಾರದೆಂದು ಮೊದಲೇ ಗೊತ್ತುಮಾಡಿರಬೇಕು.

ನಮ್ಮ ಊರಿಗೇ ವಿಶಿಷ್ಟವಾದ ಇನ್ನೊಂದು ಪ್ರಸಂಗವೆಂದರೆ ಕೆಲಸದ ನಡುವೆ ಕರೆಂಟ್ ಹೋಗುವುದು. ಯುಪಿಎಸ್ ಇರುವ ಕಂಪ್ಯೂಟರ್ ಏನೂ ಆಗಿಲ್ಲವೆಂಬಂತೆ ಆಜ್ಞೆಗಳನ್ನು ಕಳಿಸುತ್ತಲೇ ಇರುತ್ತದೆ, ಮೋಟಾರುಗಳು ನಿಂತಿರುತ್ತವೆ. ಕರೆಂಟ್ ಮರಳಿದಾಗ ತೆರೆಯ ಮೇಲಿನ ಸ್ಥಾನಕ್ಕೂ ಬಿಟ್ ಇರುವ ಸ್ಥಾನಕ್ಕೂ ಸಂಬಂಧವಿರುವುದಿಲ್ಲ. ಆಗ ಮುಂದುವರಿಸದೆ, ಮೊದಲಿನಿಂದ ಆರಂಭಿಸುವುದೇ ದಾರಿ.

ದೂಳಿನ ವಿಷಯವನ್ನು ಹಗುರವಾಗಿ ಕಾಣುವಂತಿಲ್ಲ. ಮರದ ದೂಳು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವೇ ವರ್ಗೀಕರಿಸಿದೆ. ಮೊಂಡಾದ ಬಿಟ್ ಮರವನ್ನು ಕತ್ತರಿಸದೆ ಉಜ್ಜಿ ಕೆಂಡ ಹುಟ್ಟಿಸಬಲ್ಲದು. ಆ ಕಿಡಿ ದೂಳಿನ ಚೀಲ ಸೇರಿ, ಎಲ್ಲರೂ ಮನೆಗೆ ಹೋದ ಮೇಲೆ ಹೊತ್ತಿಕೊಳ್ಳಬಹುದು. ಆದ್ದರಿಂದ ದೂಳೆಳೆಯುವ ಯಂತ್ರ ಚಾಲೂ ಆಗದೆ ರೂಟರ್ ಚಾಲೂ ಆಗಬಾರದು, ಹಿಂದಿನವರ ದೂಳಿನ ಚೀಲ ಖಾಲಿಯಾಗಿರಬೇಕು.

ಒಂಟಿಯಾಗಿ ಯಂತ್ರ ನಡೆಸುವುದರ ಪರಿಣಾಮವನ್ನು ಜಗತ್ತು ಈಗಾಗಲೇ ಕಂಡಿದೆ. 2011ರ ಏಪ್ರಿಲ್‌ನಲ್ಲಿ ಅಮೆರಿಕದ ಪ್ರತಿಷ್ಠಿತ ಯೇಲ್ ವಿಶ್ವವಿದ್ಯಾಲಯದ ಯಂತ್ರಶಾಲೆಯಲ್ಲಿ ರಾತ್ರಿ ಒಬ್ಬಳೇ ಲೇತ್ ಬಳಸುತ್ತಿದ್ದ ಅಂತಿಮ ವರ್ಷದ ವಿದ್ಯಾರ್ಥಿನಿಯ ತಲೆಗೂದಲು ಯಂತ್ರಕ್ಕೆ ಸಿಲುಕಿತು. ಕಟ್ಟಡದಲ್ಲಿದ್ದ ಇತರರು ಬಂದು ನೋಡುವ ಹೊತ್ತಿಗೆ ಕಾಲ ಮಿಂಚಿತ್ತು. ಲೇತ್ ಬೇರೆ, ರೂಟರ್ ಬೇರೆ, ನಿಜ. ಆದರೆ ತುರ್ತು ಗುಂಡಿ ಒತ್ತಲು ಎರಡನೆಯ ಕೈ ಇಲ್ಲದ ಕೋಣೆ ಎರಡಕ್ಕೂ ಒಂದೇ.

ಕಾನೂನು ಇಲ್ಲಿ ನಮ್ಮ ನೆರವಿಗೆ ಹೆಚ್ಚು ಬರುವುದಿಲ್ಲ. 1948ರ ಕಾರ್ಖಾನೆ ಕಾಯಿದೆಯ 21ನೇ ಸೆಕ್ಷನ್ ಯಂತ್ರದ ಅಪಾಯಕಾರಿ ಭಾಗಗಳಿಗೆ ತಡೆಬೇಲಿ ಇರಬೇಕೆಂದಿತ್ತು. 22ನೆಯದು, ಚಲಿಸುವ ಯಂತ್ರವನ್ನು ಮುಟ್ಟಿ ಪರೀಕ್ಷಿಸುವವರಿಗೆ ಮೈಗೆ ಅಂಟುವಂಥ ಉಡುಪನ್ನು ಮಾಲೀಕನೇ ಒದಗಿಸಬೇಕೆನ್ನುವಷ್ಟು ಸೂಕ್ಷ್ಮಕ್ಕಿಳಿದಿತ್ತು. ವಿದ್ಯುತ್ ಬಳಸುವಲ್ಲಿ 10 ಕಾರ್ಮಿಕರಿದ್ದರೆ ಅದು ಕಾರ್ಖಾನೆ ಎನಿಸುತ್ತಿತ್ತು. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಆ ಮಿತಿಯನ್ನು 20ಕ್ಕೆ ಏರಿಸಿತು. ಇಬ್ಬರು ಸಿಬ್ಬಂದಿ, ಇನ್ನೂರು ಸದಸ್ಯರಿರುವ ಕಾರ್ಯಾಗಾರ ಈ ಲೆಕ್ಕಕ್ಕೆ ಸಿಗದು. ಅಲ್ಲಿ ಬೆವರು ಸುರಿಸುವ ವಿದ್ಯಾರ್ಥಿ ಕಾರ್ಮಿಕನೂ ಅಲ್ಲ.

ಹೀಗಿರುವಾಗ ಕಾರ್ಯಾಗಾರ ನಡೆಸುವವರು ತಾವೇ ಮಾಡಿಕೊಳ್ಳಬಹುದಾದ ಏರ್ಪಾಡು ಅಗ್ಗದ್ದು: ಯಂತ್ರಕ್ಕೆ ದಾರ ಕಟ್ಟಿ ತೂಗುಹಾಕಿದ ಒಂದು ನೋಟ್‌ಬುಕ್. ಅದರಲ್ಲಿ ಯಾವ ಬಿಟ್ ಹಾಕಿದ್ದೆ, ಸೊನ್ನೆ ಎಲ್ಲಿಟ್ಟೆ, ಅಂಗುಲವೋ ಮಿ.ಮೀಟರೋ, ಏನಾದರೂ ವಿಚಿತ್ರ ಸದ್ದು ಕೇಳಿತೇ ಎಂಬುದನ್ನು ಹೊರಡುವವರು ಬರೆಯಬೇಕು. ಬಂದವರು ಓದಿ ಸಹಿ ಹಾಕಬೇಕು. ಆ ಸಹಿ ಇಲ್ಲದೆ ಮೇನ್ ಸ್ವಿಚ್ಚಿನ ಬೀಗದ ಕೈ ಯಾರಿಗೂ ಸಿಗಬಾರದು. ತಮ್ಮ ಮಕ್ಕಳ ಕಾಲೇಜಿನ ಪ್ರಯೋಗಾಲಯಕ್ಕೆ ಭೇಟಿ ಕೊಡುವ ಪೋಷಕರು ಯಂತ್ರ ಎಷ್ಟು ಲಕ್ಷದ್ದೆಂದು ಕೇಳುವ ಜತೆಗೆ, ಆ ಬೀಗದ ಕೈ ರಾತ್ರಿ ಹೊತ್ತು ಯಾರ ಬಳಿ ಇರುತ್ತದೆ ಎಂದೂ ಕೇಳಿ ನೋಡಲಿ.