ಹಳೇ ವಾಲ್ವ್ ಆಂಪ್‌ಗೆ ಯಾವ ಅಟೆನ್ಯುಯೇಟರ್?

ಕಾಫಿ ತೋಟದ ಮನೆಯಲ್ಲಾದರೆ ನೆರೆಮನೆ ದೂರ. ಮಡಿಕೇರಿ ಪೇಟೆಯೊಳಗೆ 100 ವ್ಯಾಟ್‌ನ ಹಳೇ ಮಾರ್ಷಲ್ ಸೂಪರ್ ಲೀಡ್ ಗಿಟಾರ್ ಆಂಪ್ ಇಟ್ಟುಕೊಂಡರೆ ಏನು ಗತಿ? ವಾಲ್ಯೂಮ್ ಏರಿಸಿ ಪವರ್ ವಾಲ್ವ್‌ಗಳನ್ನು ದುಡಿಸಿದರೇನೇ ಅದರ ನಿಜವಾದ ದನಿ. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಶಬ್ದದ ಮಿತಿ 45 ಡೆಸಿಬೆಲ್!

ಅದಕ್ಕೇ ಅಟೆನ್ಯುಯೇಟರ್. ಆಂಪ್‌ಗೂ ಸ್ಪೀಕರ್‌ಗೂ ನಡುವೆ ಕೂತು, ಹೆಚ್ಚಿನ ಶಕ್ತಿಯನ್ನು ಶಾಖವಾಗಿಸುತ್ತೆ. 10 ಡೆಸಿಬೆಲ್ ಇಳಿಸಿದರೆ ಸ್ಪೀಕರ್‌ಗೆ ಹೋಗೋದು ಹತ್ತರಲ್ಲಿ ಒಂದು ಪಾಲು ಶಕ್ತಿ. ಕಿವಿಗೆ ಮಾತ್ರ ಸದ್ದು ಸುಮಾರು ಅರ್ಧ ಇಳಿದಂತೆ ಅಷ್ಟೇ. ಹಾಗಾಗಿ ಮನೆಗೆ 20 ಡೆಸಿಬೆಲ್‌ಗೂ ಹೆಚ್ಚು ಇಳಿಸುವಂಥದ್ದು ಬೇಕು.

ಕೊಳ್ಳುವಾಗ ಮೊದಲು ಓಮ್ ನೋಡಿ. ಆಂಪ್ 16 ಓಮ್‌ಗೆ ಇಟ್ಟಿದ್ದರೆ ಇದೂ 16 ಓಮ್. ವ್ಯಾಟ್‌ನಲ್ಲಿ ಜಿಪುಣತನ ಬೇಡ: ಪೂರ್ತಿ ಏರಿಸಿದ 100 ವ್ಯಾಟ್ ಆಂಪ್ 150 ದಾಟಬಹುದು. ಬರೀ ರೆಸಿಸ್ಟರ್ ಇರುವಂಥದ್ದು ಅಗ್ಗ. ಹೆಚ್ಚು ಇಳಿಸಿದಷ್ಟೂ ದನಿ ಮಂಕು. ಸ್ಪೀಕರ್‌ನಂತೆಯೇ ವರ್ತಿಸುವ ರಿಯಾಕ್ಟಿವ್ ಲೋಡ್ ದುಬಾರಿ, ಆದರೂ ನನ್ನ ಆಯ್ಕೆ ಅದೇ.

ಜೋಡಿಸಲು ಸ್ಪೀಕರ್ ಕೇಬಲ್ಲೇ ಬಳಸಿ, ಗಿಟಾರ್ ಕೇಬಲ್ ಬೇಡ. ಸ್ಪೀಕರ್ ಅಥವಾ ಬೇರೆ ಲೋಡ್ ಇಲ್ಲದೆ ಆಂಪ್ ಎಂದೂ ನುಡಿಸಬೇಡಿ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟರೆ ಅದೇ ಕಾಲದ ಇನ್ನೊಂದು ಸಿಗೋದು ಕಷ್ಟ.