ನೀರು ಕಡಿಮೆಯಾದರೆ ಜಗಳ ಆಗಲೇಬೇಕೆ?



"ನೀರು, ಭೂಮಿ ಸಾಲದೆ ಹೋದರೆ ಜನ ಹೊಡೆದಾಡ್ತಾರೆ, ಅದು ಮನುಷ್ಯನ ಹುಟ್ಟುಗುಣ" ಅಂತ ಹಿರಿಯರು ಹೇಳುವುದುಂಟು. ಊರಿನ ಜಗಳಕ್ಕೂ ದೇಶಗಳ ಯುದ್ಧಕ್ಕೂ ಇದೇ ಕಾರಣ ಎನ್ನುವವರಿದ್ದಾರೆ. ಈ ಮಾತು ಎಷ್ಟು ನಿಜ?

ಮೊದಲು ಹುಟ್ಟುಗುಣ ನೋಡೋಣ. ಆಫ್ರಿಕಾದ ತಾಂಜಾನಿಯಾ ದೇಶದ ಗೊಂಬೆ ಕಾಡಿನಲ್ಲಿ ಜೇನ್ ಗುಡಾಲ್ ಎಂಬ ವಿಜ್ಞಾನಿ ಚಿಂಪಾಂಜಿಗಳನ್ನು ವರ್ಷಗಟ್ಟಲೆ ಗಮನಿಸಿದರು. ಅಲ್ಲಿ ಒಂದು ಗುಂಪು ಎರಡಾಗಿ ಒಡೆಯಿತು. 1974ರಿಂದ 1978ರವರೆಗೆ ದೊಡ್ಡ ಗುಂಪಿನವು ಚಿಕ್ಕ ಗುಂಪಿನ ಗಂಡುಗಳು ಒಂಟಿಯಾಗಿ ಸಿಕ್ಕಾಗ ಹೊಡೆದು ಕೊಂದವು. ಕಡೆಗೆ ಆ ಗುಂಪೇ ಇಲ್ಲವಾಯಿತು. ಆದ್ದರಿಂದ 'ನಮ್ಮೋರು, ಬೇರೆಯೋರು' ಎಂಬ ಬುದ್ಧಿ ಬಹಳ ಹಳೆಯದು ಎಂದು ಕೆಲವು ವಿಜ್ಞಾನಿಗಳ ಅಭಿಪ್ರಾಯ. ಆದರೆ ಚಿಂಪಾಂಜಿಯಷ್ಟೇ ನಮಗೆ ಹತ್ತಿರದ ನೆಂಟ ಬೊನೊಬೊ ಎಂಬ ಇನ್ನೊಂದು ವಾನರ. ಅದರ ಗುಂಪುಗಳು ಎದುರಾದರೆ ಎಷ್ಟೋ ಸಲ ಜೊತೆಯಲ್ಲೇ ಕೂತು ತಿನ್ನುತ್ತವೆ. ಹಾಗಾದರೆ ನಾವು ಯಾರ ಹಾಗೆ?

ಇದಕ್ಕೆ ನಮ್ಮ ವಯಸ್ಸಿನ ಹುಡುಗರ ಮೇಲೆಯೇ ಒಂದು ಪ್ರಯೋಗ ನಡೆದಿದೆ. 1954ರಲ್ಲಿ ಅಮೆರಿಕದ ಒಕ್ಲಹೋಮಾದಲ್ಲಿ ಮುಜಾಫರ್ ಶೆರಿಫ್ ಎಂಬ ಮನೋವಿಜ್ಞಾನಿ 22 ಹುಡುಗರನ್ನು ಶಿಬಿರಕ್ಕೆ ಕರೆದೊಯ್ದು ಎರಡು ಗುಂಪು ಮಾಡಿದರು. ಆಟದ ಬಹುಮಾನ ಗೆದ್ದ ಗುಂಪಿಗೆ ಮಾತ್ರ. ಕೆಲವೇ ದಿನದಲ್ಲಿ ಬೈದಾಟ ಶುರುವಾಯಿತು. ಒಬ್ಬರ ಬಾವುಟ ಇನ್ನೊಬ್ಬರು ಸುಟ್ಟರು. ಆಮೇಲೆ ಶಿಬಿರಕ್ಕೆ ನೀರು ಬರುವುದು ನಿಲ್ಲುವಂತೆ ಮಾಡಲಾಯಿತು. ಆಗ ಜಗಳ ಹೆಚ್ಚಾಗಲಿಲ್ಲ! ಎರಡೂ ಗುಂಪು ಸೇರಿ ನೀರಿನ ದಾರಿ ಹುಡುಕಿದವು. ಇಂಥ ನಾಲ್ಕಾರು ಕೆಲಸ ಕೂಡಿ ಮಾಡಿದ ಮೇಲೆ ಹಗೆ ಕರಗಿತು. ಹುಡುಗರು ಅವರೇ, ಗುಣವೂ ಅದೇ. ಬದಲಾದದ್ದು ಏರ್ಪಾಡು.

ಈಗ ನಮ್ಮ ಕಾವೇರಿಗೆ ಬರೋಣ. 1991ರ ಡಿಸೆಂಬರ್‌ನಲ್ಲಿ ಬೆಂಗಳೂರು, ಮೈಸೂರು ಕಡೆ ದೊಡ್ಡ ಗಲಭೆಯಾಯಿತು. ಜನ ಸತ್ತರು. ಸಾವಿರಾರು ತಮಿಳರು ಮನೆ ಬಿಟ್ಟು ಹೋದರು. ಹೊಳೆ ಬತ್ತಿದ್ದಕ್ಕೆ ಹತ್ತಿದ ಬೆಂಕಿ ಅಲ್ಲ ಅದು. ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ನೀರು ಬಿಡಬೇಕೆಂಬ ನ್ಯಾಯಮಂಡಳಿಯ ಮಧ್ಯಂತರ ಆದೇಶ ಗೆಜೆಟ್‌ನಲ್ಲಿ ಪ್ರಕಟವಾದದ್ದೇ ನೆಪ. (ಒಂದು ಟಿಎಂಸಿ ಅಂದರೆ 100 ಕೋಟಿ ಘನ ಅಡಿ.) 1995ರಲ್ಲಿ ಮುಂಗಾರೇ ಕೈಕೊಟ್ಟಿತು. ವ್ಯಾಜ್ಯ ಸುಪ್ರೀಂ ಕೋರ್ಟಿಗೂ ಪ್ರಧಾನಿಯವರ ಹತ್ತಿರಕ್ಕೂ ಹೋಯಿತು. ಆದರೆ 1991ರಂಥ ಗಲಭೆ ಆಗಲಿಲ್ಲ. ಬರವೇ ಕಾರಣವಾಗಿದ್ದರೆ ಇದು ತಿರುಗಾಮುರುಗಾ ಆಗಬೇಕಿತ್ತಲ್ಲವೇ?

2003ರಲ್ಲಿ ಎರಡೂ ರಾಜ್ಯದ ರೈತರು 'ಕಾವೇರಿ ಕುಟುಂಬ' ಅಂತ ಕಟ್ಟಿಕೊಂಡು ಒಬ್ಬರ ಹೊಲಕ್ಕೆ ಒಬ್ಬರು ಹೋಗಿ ನೋಡಿದರು. ವ್ಯಾಜ್ಯ ಅದರಿಂದ ಮುಗಿಯಲಿಲ್ಲ, ನಿಜ. ಆದರೆ ಆ ಕಡೆಯವನಿಗೂ ಒಣಗುವ ಪೈರಿದೆ ಎಂದು ಕಣ್ಣಾರೆ ಕಂಡರು. 2018ರಲ್ಲಿ ಸುಪ್ರೀಂ ಕೋರ್ಟು ಕರ್ನಾಟಕಕ್ಕೆ 284.75, ತಮಿಳುನಾಡಿಗೆ 404.25 ಟಿಎಂಸಿ ಎಂದು ಹಂಚಿತು. ಮಳೆ ಚೆನ್ನಾದ ವರ್ಷಕ್ಕೆ ಈ ಲೆಕ್ಕ ಸರಿ. ಮಳೆ ಬಾರದ ವರ್ಷ ಯಾರಿಗೆ ಎಷ್ಟು ಕಡಿಮೆ? 2023ರ ಬರದಲ್ಲಿ ಮತ್ತೆ ಎದ್ದದ್ದು ಇದೇ ಪ್ರಶ್ನೆ.

ನನಗೆ ತಿಳಿದದ್ದು ಇಷ್ಟು. ಕೊರತೆ ಒಣಗಿದ ಸೌದೆ. 'ನಮ್ಮೋರು, ಬೇರೆಯೋರು' ಎಂಬ ಬುದ್ಧಿ ಅದರ ಮೇಲೆ ಸುರಿದ ಸೀಮೆಎಣ್ಣೆ. ಎರಡೂ ಇದ್ದರೂ ಕಡ್ಡಿ ಗೀರುವವನಿಲ್ಲದೆ ಬೆಂಕಿ ಹತ್ತುವುದಿಲ್ಲ. ಇಬ್ಬರ ಜಗಳ ಮೂರನೆಯವನಿಗೆ ಲಾಭ ಅಂತಾರಲ್ಲ, ಆ ಮೂರನೆಯವನು ಯಾರೆಂದು ಮೊದಲು ಕೇಳಬೇಕು. ಬರ ಬರುವ ಮುಂಚೆಯೇ ಇಬ್ಬರೂ ಕೂತು ಹಂಚಿಕೆಯ ನಿಯಮ ಮಾಡಿಕೊಳ್ಳಬೇಕು. "ಅದು ಹುಟ್ಟುಗುಣ ಬಿಡಪ್ಪಾ" ಅಂತ ಕೈಚೆಲ್ಲಿದರೆ ಈ ಎರಡು ಕೆಲಸವೂ ಆಗುವುದಿಲ್ಲ.