ರಂಜಕಕ್ಕೆ ನೀರು ಸಾಲದು

ಪ್ರಶ್ನೆ: ಗೊಳಸಂಗಿ ಕಡೆಯ ಖಾನಾವಳಿಯಲ್ಲಿ ಮನೆಮಂದಿಯೆಲ್ಲ ಉಣ್ಣುವಾಗ ರಂಜಕ (ಕೆಂಪು ಮೆಣಸಿನಕಾಯಿ ಚಟ್ನಿ) ನೆತ್ತಿಗೇರಿತು. ನೀರು ಕುಡಿದರೂ ಉರಿ ಇಳಿಯಲಿಲ್ಲ, ಏಕೆ?

ಉತ್ತರ: ಉರಿ ಹಚ್ಚುವುದು ಮೆಣಸಿನಕಾಯಿಯ ಕ್ಯಾಪ್ಸೈಸಿನ್. ಅದು ಜಿಡ್ಡಿನಲ್ಲಿ ಕರಗುತ್ತದೆ, ನೀರಿನಲ್ಲಿ ಕರಗದು. ನಾಲಿಗೆಯಲ್ಲಿ ಬಿಸಿ ಗುರುತಿಸುವ ನರಗಳನ್ನೇ ಕೆಣಕುವುದರಿಂದ ಬಾಯಿ ಸುಟ್ಟಂತೆ ಅನಿಸುತ್ತದೆ; ನಿಜಕ್ಕೂ ಸುಟ್ಟಿರುವುದಿಲ್ಲ. ತಂಬಿಗೆ ಬದಿಗಿಟ್ಟು ಗಟ್ಟಿ ಮೊಸರು ಕೇಳಿ. ಹಾಲಿನ ಕೇಸಿನ್ ಪ್ರೋಟೀನು ಕ್ಯಾಪ್ಸೈಸಿನ್ನನ್ನು ಹಿಡಿದು ನಾಲಿಗೆಯಿಂದ ಬಿಡಿಸುತ್ತದೆ. ಜೋಳದ ರೊಟ್ಟಿಯ ಪಕ್ಕ ಮೊಸರು, ಬೆಣ್ಣೆ ಇರುವುದು ಎಷ್ಟು ಅನುಕೂಲ ನೋಡಿ!

ಅಮೆರಿಕದ ನ್ಯೂ ಮೆಕ್ಸಿಕೊ ಹೋಟೆಲುಗಳಲ್ಲಿ ಮೆಣಸಿನಕಾಯಿ ಸಾರು ‘ಕೆಂಪೋ, ಹಸಿರೋ?’ ಎಂದು ಕೇಳಿ ಬಡಿಸುತ್ತಾರೆ. ನಮ್ಮಲ್ಲಿ ಕೇಳುವ ಪದ್ಧತಿಯಿಲ್ಲ. ಬಣ್ಣಕ್ಕೆ ಮಾತ್ರ ಹೆದರಬೇಡಿ: 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಬ್ಯಾಡಗಿ ಮೆಣಸಿನಕಾಯಿ ಕಡುಗೆಂಪು, ಖಾರ ಕಡಿಮೆ. ಖಾರ ಹೆಚ್ಚಿರುವ ಗುಂಟೂರು ಬೆರೆತಿದ್ದರೆ ಮೊಸರು ಮೊದಲೇ ತರಿಸಿಕೊಳ್ಳಿ.